ಉತ್ತರ ಬರಲಿಲ್ಲ ಅಂದರೆ ಫೇಲ್ ಅಂತಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಕಂದಾಯದ ಲೆಕ್ಕದಲ್ಲಿ ಈ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಇವುಗಳದ್ದೇ ಒಂದು ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿನದು ಒಂದು ಸಾಲಾದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯದು ಇನ್ನೊಂದು. ಪಟ್ಟಿ 2024ರಲ್ಲಿ ಮೇ 9ರಂದು ಹೊರಬಿತ್ತು, 2025ರಲ್ಲಿ ಮೇ 2ರಂದು. ಪರೀಕ್ಷೆ ಬರೆಯುವವರು ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು. ಅವರು, ಅವರ ಅಪ್ಪ ಅಮ್ಮ, ಸೋದರಮಾವ, ಮೇಷ್ಟ್ರು, ಎಲ್ಲರೂ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ರಿಜಿಸ್ಟರ್ ನಂಬರ್ ಮತ್ತು ಹುಟ್ಟಿದ ದಿನಾಂಕ ಹಾಕಿ ಬಟನ್ ಒತ್ತುತ್ತಾರೆ. ಆಮೇಲೆ ಚಕ್ರ ತಿರುಗುತ್ತದೆ.

ಆ ಚಕ್ರ ತಿರುಗುವಾಗ ಒಳಗೆ ಏನಾಗುತ್ತದೆ ಎಂಬುದೇ ಜಾವಾಸ್ಕ್ರಿಪ್ಟ್ ಕಲಿಯುವವರು ಅತಿ ಹೆಚ್ಚು ಎಡವುವ ಜಾಗ. ಈ ಕಡೆಯ ಬಿಸಿಎ, ಡಿಪ್ಲೊಮಾ ಹುಡುಗರಿಗೆ ವೆಬ್ ಪ್ರೋಗ್ರಾಮಿಂಗ್ ಹೇಳಿಕೊಡುವಾಗ ನಾನು ಕೊಡುವ ಅಭ್ಯಾಸವೂ ಇದೇ: ಕಟ್ಟಿದ ನಂಬರು, ಕಟ್ಟಿದ ಅಂಕ ತುಂಬಿದ ಒಂದು ಪುಟ್ಟ ಸರ್ವರ್, ಅದರ ಮುಂದೆ ಒಂದು ಫಲಿತಾಂಶದ ಪುಟ. (ನಿಜವಾದ ಮಕ್ಕಳ ಅಂಕ ತಂದು ಅಭ್ಯಾಸ ಮಾಡುವುದು ಬೇಡವೇ ಬೇಡ.) ಕೆಲಸ ಸಣ್ಣದು. ಆದರೆ ಅದರಲ್ಲಿ ಮೇಲೆದ್ದು ಬರುವ ತಪ್ಪು ಕಲ್ಪನೆಗಳು ವರ್ಷ ವರ್ಷವೂ ಅವೇ.

ತಪ್ಪು ಕಲ್ಪನೆ: “ಫೆಚ್ ಅಂದರೆ ಅಂಕ ತಂದುಕೊಡುತ್ತದೆ.”

ತಂದುಕೊಡುವುದಿಲ್ಲ. ಫೆಚ್ ಕರೆದ ಕೂಡಲೇ ಕೈಗೆ ಸಿಗುವುದು ಪ್ರಾಮಿಸ್ ಎಂಬ ವಸ್ತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಕೈಗಿಡುತ್ತಾರಲ್ಲ ಸ್ವೀಕೃತಿ ಚೀಟಿ, ಹಾಗೆ. ಚೀಟಿಯೇ ಜಾತಿ ಪ್ರಮಾಣಪತ್ರ ಅಲ್ಲ. ಇದನ್ನು ಮರೆತು ಪ್ರಾಮಿಸನ್ನೇ ಪುಟದ ಮೇಲೆ ಬರೆಸಿದರೆ ಅಂಕ ಇರಬೇಕಾದ ಜಾಗದಲ್ಲಿ ಚೌಕ ಆವರಣದೊಳಗೆ ‘ಆಬ್ಜೆಕ್ಟ್ ಪ್ರಾಮಿಸ್’ ಎಂದು ಮೂಡುತ್ತದೆ. ಮೊದಲ ವಾರದಲ್ಲಿ ಅರ್ಧ ಕ್ಲಾಸಿನ ಪರದೆಯ ಮೇಲೆ ಇದೇ ಇರುತ್ತದೆ. “ಸಾರ್, ಸರ್ವರ್ ಏನೋ ವಿಚಿತ್ರ ಕಳಿಸ್ತಿದೆ” ಅಂತ ಕೂಗುತ್ತಾರೆ. ಪಾಪ, ಸರ್ವರ್‌ಗೆ ಇನ್ನೂ ಸುದ್ದಿಯೇ ಮುಟ್ಟಿರುವುದಿಲ್ಲ.

ಅವೇಟ್ ಹಾಕಿ ಕಾದರೆ ಸಿಗುವುದೂ ಅಂಕವಲ್ಲ, ರೆಸ್ಪಾನ್ಸ್. ಉತ್ತರದ ತಲೆಬರಹ ಬಂದಿದೆ, ಒಡಲು ಇನ್ನೂ ಬರುತ್ತಿರಬಹುದು. ಒಡಲನ್ನು ಓದಿ ಜೇಸನ್ ಆಗಿ ಬಿಡಿಸಲು ಇನ್ನೊಮ್ಮೆ ಕಾಯಬೇಕು. ಒಂದು ಫೆಚ್‌ಗೆ ಎರಡು ಅವೇಟ್ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇಷ್ಟೆ. ಆ ಒಡಲನ್ನು ಓದಲು ಸಿಗುವುದು ಒಂದೇ ಸಲ. ಕನ್ಸೋಲಿನಲ್ಲಿ ನೋಡೋಣ ಎಂದು ಮೊದಲೇ ಓದಿಸಿಬಿಟ್ಟರೆ ಎರಡನೆಯ ಓದು ದೋಷ ಎಸೆಯುತ್ತದೆ.

ತಪ್ಪು ಕಲ್ಪನೆ: “ಅವೇಟ್ ಹಾಕಿದರೆ ಇಡೀ ಪುಟ ನಿಂತುಬಿಡುತ್ತದೆ.” ಇದರ ಅವಳಿ: “ಅಸಿಂಕ್ ಹಾಕಿದರೆ ಎಲ್ಲವೂ ಜೋರಾಗಿ ಓಡುತ್ತದೆ.”

ಎರಡೂ ಸುಳ್ಳು. ಅವೇಟ್ ನಿಲ್ಲಿಸುವುದು ಅದು ಇರುವ ಫಂಕ್ಷನ್ ಒಂದನ್ನೇ. ಪುಟ ಉರುಳುತ್ತದೆ, ಬಟನ್ ಒತ್ತಿಸಿಕೊಳ್ಳುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ. ಹಿಂದೆ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್ ಎಂಬ ಉದ್ದ ಹೆಸರಿನ ಸಲಕರಣೆಯಲ್ಲಿ ನಿಜವಾಗಿಯೂ ಪುಟವನ್ನು ಹೆಪ್ಪುಗಟ್ಟಿಸಿ ಕಾಯುವ ಒಂದು ಬಗೆ ಇತ್ತು. ಮೈಕ್ರೋಸಾಫ್ಟಿನವರು 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆಗೆ ತಂದ ಸಲಕರಣೆ ಅದು. ಈಗ ಆ ಬಗೆಯನ್ನು ಬಳಸಿದರೆ ಬ್ರೌಸರ್ ಎಚ್ಚರಿಕೆ ಕೊಡುತ್ತದೆ. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಅಜಾಕ್ಸ್ ಎಂಬ ಹೆಸರಿಟ್ಟ ಮೇಲೆ ಪುಟ ಬದಲಾಗದೆ ಉತ್ತರ ಬರುವ ಚಾಲ್ತಿ ಊರೂರಿಗೂ ಹಬ್ಬಿತು. ಪ್ರಾಮಿಸ್ ಭಾಷೆಯೊಳಗೆ ಬಂದದ್ದು 2015ರಲ್ಲಿ, ಅಸಿಂಕ್ ಮತ್ತು ಅವೇಟ್ 2017ರಲ್ಲಿ. ಹಳೆಯ ಪುಸ್ತಕದ ಪಾಠವನ್ನೂ ಹೊಸ ವಿಡಿಯೊದ ಪಾಠವನ್ನೂ ಬೆರೆಸಿ ಓದಿದವರಿಗೆ ಗೊಂದಲವಾಗುವುದು ಸಹಜ.

ವೇಗದ ಮಾತು: ಜಾವಾಸ್ಕ್ರಿಪ್ಟ್ ಒಂದು ಪುಟದಲ್ಲಿ ಒಂದೇ ಎಳೆಯ ಮೇಲೆ ನಡೆಯುತ್ತದೆ. ಅಸಿಂಕ್ ಎಂದು ಬರೆದ ಮಾತ್ರಕ್ಕೆ ಇನ್ನೊಂದು ಎಳೆ ಹುಟ್ಟುವುದಿಲ್ಲ. ನೆಟ್‌ವರ್ಕಿಗಾಗಿ ಕಾಯುವುದನ್ನು ಬ್ರೌಸರ್ ಪಕ್ಕದಲ್ಲಿ ನೋಡಿಕೊಳ್ಳುತ್ತದೆ, ಅಷ್ಟೆ. ಬಂದ ಲಕ್ಷಾಂತರ ಸಾಲುಗಳನ್ನು ಅಂಕದ ಪ್ರಕಾರ ಜೋಡಿಸಲು ಕೂತರೆ ಅಸಿಂಕ್ ಇದ್ದರೂ ಪುಟ ಮರಗಟ್ಟುತ್ತದೆ.

ತಪ್ಪು ಕಲ್ಪನೆ: “ಕ್ಯಾಚ್ ಬರೆದಿದ್ದೇನೆ, ಏನೇ ಕೆಟ್ಟರೂ ಅಲ್ಲಿಗೆ ಬರುತ್ತದೆ.”

ಇಲ್ಲಿ ಸ್ವಲ್ಪ ನಿಲ್ಲಬೇಕು. ಸರ್ವರ್ 404 ಎಂದಿತು, ಅಂದರೆ ಕೇಳಿದ್ದು ಸಿಗಲಿಲ್ಲ. ಅಥವಾ 500 ಎಂದಿತು, ಒಳಗೆ ಏನೋ ಕೆಟ್ಟಿದೆ. ಅಥವಾ 503, ಸದ್ಯಕ್ಕೆ ಆಗುವುದಿಲ್ಲ. ಈ ಮೂರರಲ್ಲಿ ಯಾವುದು ಬಂದರೂ ಫೆಚ್‌ನ ಮಟ್ಟಿಗೆ ಪ್ರಾಮಿಸ್ ಈಡೇರಿದ ಹಾಗೆಯೇ. ಕೇಳಿದ್ದಕ್ಕೆ ಒಂದು ಉತ್ತರ ಬಂತಲ್ಲ, ಫೆಚ್‌ಗೆ ಅಷ್ಟು ಸಾಕು. ಅದು ಪ್ರಾಮಿಸನ್ನು ಮುರಿಯುವುದು ಉತ್ತರವೇ ತಲುಪದಿದ್ದಾಗ: ನೆಟ್‌ವರ್ಕ್ ಕಡಿದಾಗ, ವಿಳಾಸ ಸಿಗದಿದ್ದಾಗ, ಬ್ರೌಸರೇ ಉತ್ತರವನ್ನು ತಡೆದಾಗ, ನಾವೇ ಕೈಬಿಟ್ಟಾಗ. ಹಾಗಾಗಿ ರೆಸ್ಪಾನ್ಸ್ ಬಂದ ತಕ್ಷಣ ಅದರ ‘ಓಕೆ’ ಎಂಬ ಗುಣವನ್ನು ನೋಡಲೇಬೇಕು. ಸ್ಟೇಟಸ್ 200ರಿಂದ 299ರೊಳಗೆ ಇದ್ದರೆ ಮಾತ್ರ ಅದು ನಿಜ. ಇಲ್ಲವಾದರೆ ನಾವೇ ದೋಷವನ್ನು ಎಸೆಯಬೇಕು. ಆಗಷ್ಟೇ ಅದು ಕ್ಯಾಚ್ ತಲುಪುತ್ತದೆ.

ಈ ತಪ್ಪು ಎಲ್ಲಿಂದ ಬಂತು ಎಂಬುದೂ ಸ್ಪಷ್ಟ. ಜೆಕ್ವೆರಿಯಲ್ಲಿ 404 ಬಂದರೆ ದೋಷದ ಕಡೆಗೇ ಹೋಗುತ್ತಿತ್ತು. ಆಕ್ಸಿಯೋಸ್‌ನಲ್ಲಿ ಈಗಲೂ ಹಾಗೆಯೇ. ಅದನ್ನು ಕಲಿತು ಫೆಚ್‌ಗೆ ಬಂದವರು ಆ ನಂಬಿಕೆಯನ್ನೂ ಜೊತೆಗೆ ಹೊತ್ತು ತಂದರು.

ಇನ್ನೂ ಕಪಟದ ಸಂಗತಿ ಒಂದಿದೆ. ಸರ್ವರಿನ ಮುಂದೆ ಕೂತ ಇನ್ನೊಂದು ಯಂತ್ರ ‘ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎಂಬ ಚಂದದ ಎಚ್‌ಟಿಎಂಎಲ್ ಪುಟವನ್ನು 200 ಸ್ಟೇಟಸ್‌ನಲ್ಲೇ ಕಳಿಸುವುದುಂಟು. ಓಕೆ ನಿಜವೇ ಆಗಿರುತ್ತದೆ. ಜೇಸನ್ ಬಿಡಿಸಲು ಹೋದಾಗ ಮೊದಲ ಅಕ್ಷರಕ್ಕೇ ಮುಗ್ಗರಿಸುತ್ತದೆ: ನಿರೀಕ್ಷಿಸದ ‘<’ ಬಂತು ಎಂದು ಕನ್ಸೋಲು ದೂರುತ್ತದೆ. ಈ ‘<’ ಕಂಡರೆ ಅಂಕದ ಕೋಡನ್ನು ತಡಕಾಡುವ ಮುನ್ನ ನೆಟ್‌ವರ್ಕ್ ಟ್ಯಾಬ್ ತೆರೆದು ನಿಜವಾಗಿ ಏನು ಬಂತು ಎಂದು ನೋಡಿ. ಹತ್ತರಲ್ಲಿ ಒಂಬತ್ತು ಸಲ ಅಲ್ಲಿ ಒಂದು ಎಚ್‌ಟಿಎಂಎಲ್ ಪುಟ ಕೂತಿರುತ್ತದೆ.

ತಪ್ಪು ಕಲ್ಪನೆ: “ಏನೂ ಬರದಿದ್ದರೆ ಸೊನ್ನೆ ತೋರಿಸಿದರಾಯಿತು.”

ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಕ್ರೂರವಾದದ್ದು ಇದೇ. ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಪುಟ ಒಡೆಯದಿರಲಿ ಎಂದು ಹುಡುಗರು ಅಂಕದ ಮುಂದೆ ಎರಡು ಲಂಬಗೆರೆ ಎಳೆದು ಸೊನ್ನೆ ಬರೆಯುತ್ತಾರೆ: ಅಂಕ ಇದ್ದರೆ ಅಂಕ, ಇಲ್ಲದಿದ್ದರೆ 0. ನೆಟ್‌ವರ್ಕ್ ಕೈಕೊಟ್ಟಿತು, ಕ್ಯಾಚ್ ಒಂದು ಖಾಲಿ ವಸ್ತುವನ್ನು ಹಿಂತಿರುಗಿಸಿತು, ಮುಂದಿನ ಸಾಲು ಆರು ವಿಷಯಕ್ಕೂ ಸೊನ್ನೆ ತುಂಬಿತು, ಅದರ ಮುಂದಿನದು ಕೂಡಿಸಿತು. ಪರದೆಯ ಮೇಲೆ 625ಕ್ಕೆ 0, ಕೆಂಪಕ್ಷರದಲ್ಲಿ ‘ಅನುತ್ತೀರ್ಣ’. ಕೋಡ್ ಎಲ್ಲಿಯೂ ಒಡೆಯಲಿಲ್ಲ, ಕನ್ಸೋಲಿನಲ್ಲಿ ಒಂದು ಕೆಂಪು ಗೆರೆಯೂ ಇಲ್ಲ. ಪಾವಗಡದ ನಾಗಲಮಡಿಕೆ ಕಡೆ ಹೊಲದ ಬದುವಿನಲ್ಲಿ ನಿಂತು ಮೊಬೈಲ್ ನೋಡುವ ಹುಡುಗಿಗೆ ಇದು ನೆಟ್‌ವರ್ಕಿನ ತಪ್ಪೋ ತನ್ನ ತಪ್ಪೋ ಎಂದು ಹೇಗೆ ತಿಳಿಯಬೇಕು?

ವಾಸ್ತವ ಏನೆಂದರೆ, ಒಂದು ಕೋರಿಕೆಗೆ ಎರಡಲ್ಲ, ಹಲವು ಗತಿ. ಇನ್ನೂ ಕೇಳಿಲ್ಲ. ಕೇಳಿದೆ, ಉತ್ತರ ಬಂದಿಲ್ಲ. ಉತ್ತರ ಬಂತು, ಅಂಕ ಇದೆ. ಉತ್ತರ ಬಂತು, ಆ ನಂಬರಿನವರು ಇಲ್ಲ. ಉತ್ತರ ಬಂತು, ಸರ್ವರ್ ಸುಸ್ತಾಗಿದೆ. ಉತ್ತರವೇ ಬರಲಿಲ್ಲ. ಪುಟದಲ್ಲಿ ಪ್ರತಿಯೊಂದಕ್ಕೂ ಬೇರೆ ಜಾಗ, ಬೇರೆ ಮಾತು ಇರಬೇಕು. ‘ಸಂಪರ್ಕ ಸಿಗಲಿಲ್ಲ, ನಿಮ್ಮ ಫಲಿತಾಂಶ ಏನೆಂದು ನಮಗೆ ಇನ್ನೂ ತಿಳಿದಿಲ್ಲ’ ಎಂದು ಉದ್ದವಾಗಿ ಬರೆದರೂ ಅಡ್ಡಿಯಿಲ್ಲ. ‘ಫಲಿತಾಂಶ ಇಲ್ಲ’ ಎಂಬ ಚುಟುಕು ಬೇಡ. ಓದುವವರು ಅದನ್ನು ತಮಗೆ ತೋಚಿದ ಹಾಗೆ ಓದಿಕೊಳ್ಳುತ್ತಾರೆ.

ಲಂಬಗೆರೆಯ ಕಥೆ ಇನ್ನೊಂದು ಬದಿಯಿಂದಲೂ ಕಚ್ಚುತ್ತದೆ. ಅಂಕ ಇಲ್ಲದಿದ್ದರೆ ‘ಗೈರು’ ಎಂದು ತೋರಿಸಲು ಅದನ್ನೇ ಬಳಸಿದಿರೋ, ಪರೀಕ್ಷೆ ಬರೆದು ನಿಜವಾಗಿಯೇ ಸೊನ್ನೆ ಬಂದವರೂ ಗೈರಾಗಿಬಿಡುತ್ತಾರೆ, ಯಾಕೆಂದರೆ ಜಾವಾಸ್ಕ್ರಿಪ್ಟಿಗೆ ಸೊನ್ನೆಯೂ ‘ಇಲ್ಲ’ದ ಲೆಕ್ಕವೇ. 2020ರಲ್ಲಿ ಸೇರಿದ ಜೋಡಿ ಪ್ರಶ್ನಾರ್ಥಕ ಚಿಹ್ನೆ ಈ ಕೆಲಸಕ್ಕೆ ಸರಿ. ಅದು ನಲ್ ಮತ್ತು ಅನ್‌ಡಿಫೈನ್ಡ್ ಬಂದಾಗ ಮಾತ್ರ ಬದಲಿ ಬೆಲೆ ಕೊಡುತ್ತದೆ. ಆದರೂ ಬದಲಿ ಬೆಲೆ ಕೊಡಲೇಬೇಕೇ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ಅಂಕದಂಥ ವಿಷಯದಲ್ಲಿ ಪುಟ ಒಡೆದು ನಿಂತರೂ ವಾಸಿ, ಸುಳ್ಳು ಹೇಳಬಾರದು.

ತಪ್ಪು ಕಲ್ಪನೆ: “ಮೊದಲು ಕೇಳಿದ್ದಕ್ಕೆ ಮೊದಲು ಉತ್ತರ.”

ಫಲಿತಾಂಶದ ದಿನ ಶಿರಾದ ಯಾವುದೋ ಜೆರಾಕ್ಸ್ ಅಂಗಡಿ ಎಂದುಕೊಳ್ಳಿ. ಕಂಪ್ಯೂಟರ್ ಒಂದೇ, ಸುತ್ತ ಹತ್ತು ಮಂದಿ. ಅಂಗಡಿಯ ಹುಡುಗ ಒಬ್ಬಳ ನಂಬರ್ ಹಾಕಿ ಒತ್ತುತ್ತಾನೆ. ಚಕ್ರ ತಿರುಗುತ್ತದೆ, ತಿರುಗುತ್ತದೆ. “ಅಣ್ಣಾ, ಅಲ್ಲಿವರೆಗೆ ನಂದು ನೋಡಣ್ಣಾ” ಅಂತ ಪಕ್ಕದವನು. ನಂಬರ್ ಅಳಿಸಿ ಅವನದು ಹಾಕಿ ಒತ್ತಿದರೆ ಇವನ ಉತ್ತರ ತಟ್ಟನೆ ಬಂತು. ಹೆಸರು, ಅಂಕ ಎಲ್ಲ ಸರಿ. ಪ್ರಿಂಟ್ ಕೊಡುವಷ್ಟರಲ್ಲಿ ಮೊದಲಿನವಳ ಉತ್ತರ ತಡವಾಗಿ ಬಂದು ಅಂಕದ ಕೋಷ್ಟಕದ ಮೇಲೆ ಕೂತಿತು. ಮೇಲಿನ ಪೆಟ್ಟಿಗೆಯಲ್ಲಿ ಇವನ ನಂಬರ್, ಕೆಳಗೆ ಅವಳ ಅಂಕ. ಕಾಗದ ಹಾಗೆಯೇ ಅಚ್ಚಾಗಿ ಹೊರಬರುತ್ತದೆ.

ಎರಡು ಕೋರಿಕೆಗಳು ಒಂದೇ ದಾರಿಯಲ್ಲಿ ಹೋದರೂ ಒಂದೇ ಹೊತ್ತು ತೆಗೆದುಕೊಳ್ಳಬೇಕೆಂದಿಲ್ಲ. ಒಂದು ಬೇರೆ ಸರ್ವರಿಗೆ ಬಿದ್ದಿರಬಹುದು, ಒಂದರ ಉತ್ತರ ಮೊದಲೇ ತೆಗೆದಿಟ್ಟಿದ್ದಿರಬಹುದು. ಬರುವ ಕ್ರಮದ ಬಗ್ಗೆ ಜಾವಾಸ್ಕ್ರಿಪ್ಟ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ಪರಿಹಾರ ಎರಡು. ಹೊಸ ನಂಬರ್ ಒತ್ತಿದ ಕೂಡಲೇ ಹಳೆಯ ಕೋರಿಕೆಯನ್ನು ಅಬಾರ್ಟ್ ಕಂಟ್ರೋಲರ್‌ನಿಂದ ಕೈಬಿಡಿ. 2017–18ರಿಂದ ದೊಡ್ಡ ಬ್ರೌಸರುಗಳಲ್ಲಿ ಇದು ಇದೆ. ಅದರ ಜೊತೆಗೆ, ಉತ್ತರ ಬಂದಾಗ ಅದರೊಳಗಿನ ರಿಜಿಸ್ಟರ್ ನಂಬರನ್ನು ಈಗ ಕೇಳಿರುವ ನಂಬರಿನ ಜೊತೆ ತಾಳೆ ನೋಡಿ, ಬೇರೆಯಾದರೆ ಸುಮ್ಮನೆ ಎಸೆದುಬಿಡಿ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಎರಡನೆಯದನ್ನು ಆರಿಸುತ್ತೇನೆ. ಅದು ಮೂರು ಸಾಲಿನ ಕೆಲಸ, ಯಾವ ಹಳೆಯ ಬ್ರೌಸರಿನಲ್ಲೂ ನಡೆಯುತ್ತದೆ. ಹಾಗೆಯೇ, ನಂಬರನ್ನೂ ಹೆಸರನ್ನೂ ಅಂಕವನ್ನೂ ಒಂದೇ ಉತ್ತರದಿಂದ ಎತ್ತಿ ಒಟ್ಟಿಗೇ ಬರೆಯಿರಿ. ಪೆಟ್ಟಿಗೆಯಲ್ಲಿ ಒತ್ತಿದ ನಂಬರನ್ನು ನಂಬಬೇಡಿ.

ತಪ್ಪು ಕಲ್ಪನೆ: “ನಾಲ್ಕು ತಾಲ್ಲೂಕಿನದ್ದೂ ಬೇಕು ಅಂದರೆ ಪ್ರಾಮಿಸ್ ಆಲ್.”

ನಮ್ಮ ಅಭ್ಯಾಸದಲ್ಲಿ ತಾಲ್ಲೂಕಿಗೊಂದು ಕೋರಿಕೆ. ಕೆಲವರು ಫಾರ್‌ಈಚ್ ಒಳಗೆ ಅವೇಟ್ ಹಾಕುತ್ತಾರೆ. ಫಾರ್‌ಈಚ್ ಯಾರಿಗೂ ಕಾಯುವುದಿಲ್ಲ. ಒಟ್ಟು ಲೆಕ್ಕದ ಸಾಲು ಒಂದು ಉತ್ತರವೂ ಬರುವ ಮೊದಲೇ ಓಡಿ ಸೊನ್ನೆ ಬರೆದಿರುತ್ತದೆ. ಫಾರ್-ಆಫ್ ಬಳಸಿದರೆ ಕಾಯುತ್ತದೆ, ಆದರೆ ಒಂದಾದ ಮೇಲೆ ಒಂದು. ಮಧುಗಿರಿ ಮುಗಿಯದೆ ಶಿರಾ ಶುರುವಾಗದು. ನಾಲ್ಕನ್ನೂ ಒಟ್ಟಿಗೆ ಹೊರಡಿಸಿ ಪ್ರಾಮಿಸ್ ಆಲ್‌ಗೆ ಕೊಡುವುದು ಜಾಣತನವೇ. ಉತ್ತರಗಳು ಯಾವ ಕ್ರಮದಲ್ಲಿ ಬಂದರೂ ಫಲಿತದ ಸಾಲು ನಾವು ಕೊಟ್ಟ ಕ್ರಮದಲ್ಲೇ ಇರುತ್ತದೆ, ಅದರ ಚಿಂತೆ ಬೇಡ.

ತೊಡಕು ಇರುವುದು ಬೇರೆ ಕಡೆ. ನಾಲ್ಕರಲ್ಲಿ ಪಾವಗಡದ್ದು ಒಂದು ಕೆಟ್ಟರೆ ಪ್ರಾಮಿಸ್ ಆಲ್ ಅಲ್ಲಿಗೇ ಕೈಚೆಲ್ಲುತ್ತದೆ. ಬಂದಿದ್ದ ಮೂರು ತಾಲ್ಲೂಕಿನ ಅಂಕವೂ ನಮಗೆ ಸಿಗುವುದಿಲ್ಲ. ಕೈಚೆಲ್ಲಿತು ಎಂದ ಮಾತ್ರಕ್ಕೆ ಉಳಿದ ಕೋರಿಕೆಗಳು ನಿಲ್ಲುವುದೂ ಇಲ್ಲ. ಅವು ಓಡುತ್ತಲೇ ಇರುತ್ತವೆ, ಉತ್ತರ ನೋಡುವವರು ಇರುವುದಿಲ್ಲ ಅಷ್ಟೆ. 2020ರಲ್ಲಿ ಬಂದ ಆಲ್‌ಸೆಟಲ್ಡ್ ಹಾಗಲ್ಲ. ಎಲ್ಲವೂ ಒಂದು ಗತಿ ಕಾಣುವವರೆಗೆ ಕಾದು, ಇದು ಈಡೇರಿತು, ಇದು ಮುರಿಯಿತು ಎಂದು ಒಂದೊಂದರ ಲೆಕ್ಕವನ್ನೂ ಒಪ್ಪಿಸುತ್ತದೆ. ಮೂರು ಸಾಲು ತುಂಬಿ, ಪಾವಗಡದ ಸಾಲಿನಲ್ಲಿ ‘ಇನ್ನೂ ತಲುಪಿಲ್ಲ’ ಎಂದು ಬರೆದು, ಕೆಳಗಿನ ಒಟ್ಟು ಮೊತ್ತದ ಪಕ್ಕ ‘ಮೂರು ತಾಲ್ಲೂಕು ಮಾತ್ರ’ ಎಂದು ಹಾಕಬಹುದು. ಒಂದಿಲ್ಲದಿದ್ದರೆ ಉಳಿದದ್ದಕ್ಕೆ ಅರ್ಥವೇ ಇಲ್ಲ ಎಂಬ ಕಡೆ ಮಾತ್ರ ಪ್ರಾಮಿಸ್ ಆಲ್ ಇಟ್ಟುಕೊಳ್ಳಿ.

ತಪ್ಪು ಕಲ್ಪನೆ: “ಬರದಿದ್ದರೆ ಮತ್ತೆ ಒತ್ತು, ಬರುವವರೆಗೂ ಒತ್ತು.”

ಬಟನ್ ಒತ್ತುವ ಮನುಷ್ಯನಿಗಿಂತ ಕೋಡ್ ಬರೆಯುವವನಲ್ಲೇ ಈ ರೋಗ ಜಾಸ್ತಿ. ಮೊದಲಿಗೆ, ಫೆಚ್‌ಗೆ ತಾನಾಗಿ ಯಾವ ಗಡುವೂ ಇಲ್ಲ. ಬ್ರೌಸರ್ ಸಾಕೆನ್ನುವ ತನಕ ಕಾಯುತ್ತದೆ, ಅದು ನಿಮಿಷಗಳೂ ಆದೀತು. ಹತ್ತು ಸೆಕೆಂಡೋ ಹದಿನೈದೋ ಎಂದು ನಾವೇ ಗಡುವು ಹಾಕಬೇಕು. ಅಬಾರ್ಟ್ ಸಿಗ್ನಲ್‌ನಲ್ಲಿ ಈಗ ಅದಕ್ಕೆ ಟೈಮ್‌ಔಟ್ ಎಂಬ ನೇರ ದಾರಿ ಇದೆ. ಇನ್ನು ಚಕ್ರ ನಿಲ್ಲಿಸುವ ಸಾಲನ್ನು ಉತ್ತರ ಸರಿಬಂದಾಗ ನಡೆಯುವ ಕಡೆ ಮಾತ್ರ ಬರೆದರೆ ಗಡುವು ಮೀರಿದ ಮೇಲೂ ಅದು ತಿರುಗುತ್ತಲೇ ಇರುತ್ತದೆ. ಆ ಸಾಲಿನ ಜಾಗ, ಸರಿಬಂದರೂ ಕೆಟ್ಟರೂ ನಡೆಯುವ ಫೈನಲಿ.

ಮತ್ತೆ ಕೇಳುವುದು ತಪ್ಪಲ್ಲ, ಕೇಳುವ ರೀತಿ ತಪ್ಪು. 503 ಬಂದ ತಕ್ಷಣ ಮತ್ತೆ, ಮತ್ತೆ, ಮತ್ತೆ ಕೇಳುವ ಲೂಪ್ ಲಕ್ಷ ಮೊಬೈಲುಗಳಲ್ಲಿ ಒಟ್ಟಿಗೆ ಓಡಿದರೆ ಸುಸ್ತಾದ ಸರ್ವರ್ ಮೇಲೇಳುವುದಾದರೂ ಹೇಗೆ? ಒಂದು ಸೆಕೆಂಡು, ಎರಡು, ನಾಲ್ಕು ಎಂದು ಅಂತರ ಹೆಚ್ಚಿಸುತ್ತ ಹೋಗಬೇಕು, ಅದಕ್ಕೊಂದಿಷ್ಟು ಯಾದೃಚ್ಛಿಕ ಕಾಲ ಸೇರಿಸಬೇಕು. ಇಲ್ಲದಿದ್ದರೆ ಎಲ್ಲರೂ ಮತ್ತೆ ಒಂದೇ ಗಳಿಗೆಗೆ ಬಂದು ಮುತ್ತುತ್ತಾರೆ. ಇಷ್ಟು ಹೊತ್ತು ಬಿಟ್ಟು ಬಾ ಎಂದು ಸರ್ವರೇ ರಿಟ್ರೈ-ಆಫ್ಟರ್ ಎಂಬ ಹೆಡರ್ ಕಳಿಸಿದ್ದರೆ ಆ ಮಾತು ಕೇಳಬೇಕು. ಇನ್ನು 404 ಬಂದಿದ್ದರೆ ಮತ್ತೆ ಕೇಳಿ ಫಲವಿಲ್ಲ. ನಂಬರ್ ತಪ್ಪಿದೆಯೋ ಎಂದು ನೋಡಲು ಹೇಳಿ.

ಇಷ್ಟೂ ಅಂಕ ನೋಡುವ ಮಾತು. ಫಲಿತಾಂಶ ಬಂದ ಮೇಲೆ ಉತ್ತರ ಪತ್ರಿಕೆಯ ಪ್ರತಿಗೆ, ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಿ ಅರ್ಜಿ ಹಾಕುವುದಿದೆಯಲ್ಲ, ಅಂಥ ಕಡೆ ಕಥೆಯೇ ಬೇರೆ. ಅಂಕ ಕೇಳುವ ಗೆಟ್ ಕೋರಿಕೆಯನ್ನು ಹತ್ತು ಸಲ ಕಳಿಸಿದರೂ ಅಂಕ ಬದಲಾಗದು. ಅರ್ಜಿ ಹಾಕುವ ಪೋಸ್ಟ್ ಕೋರಿಕೆಯನ್ನು ಎರಡು ಸಲ ಕಳಿಸಿದರೆ ಎರಡು ಅರ್ಜಿಯಾಗಬಹುದು, ಎರಡು ಸಲ ದುಡ್ಡು ಹೋಗಬಹುದು. ಅಬಾರ್ಟ್ ಮಾಡಿದೆ, ಆದ್ದರಿಂದ ಅರ್ಜಿ ರದ್ದಾಯಿತು ಎಂಬ ನಂಬಿಕೆಯೂ ಪೊಳ್ಳು. ಅಬಾರ್ಟ್ ಅಂದರೆ ನಾವು ಉತ್ತರ ಕೇಳಿಸಿಕೊಳ್ಳುವುದನ್ನು ಬಿಟ್ಟೆವು ಎಂದಷ್ಟೆ. ಕೋರಿಕೆ ಆಗಲೇ ಸರ್ವರ್ ತಲುಪಿ ದಾಖಲಾಗಿರಬಹುದು. ಅದಕ್ಕೇ ಅರ್ಜಿಯ ಜೊತೆ ಒಂದು ಅನನ್ಯ ಗುರುತು ಕಳಿಸಿ, ಅದೇ ಗುರುತು ಎರಡನೆಯ ಸಲ ಬಂದರೆ ಸರ್ವರ್ ಹೊಸ ಅರ್ಜಿ ಮಾಡದೆ ಹಳೆಯ ಉತ್ತರವನ್ನೇ ಕೊಡುವಂತೆ ಕಟ್ಟುತ್ತಾರೆ. ಬ್ರೌಸರಿನ ಬದಿಯಲ್ಲಿ ಕನಿಷ್ಠ ಬಟನನ್ನಾದರೂ ಒತ್ತಿದ ಮೇಲೆ ನಿಷ್ಕ್ರಿಯ ಮಾಡಿ.

ತಪ್ಪು ಕಲ್ಪನೆ: “ಪೋಸ್ಟ್‌ಮನ್‌ನಲ್ಲಿ ಬರುತ್ತೆ, ಬ್ರೌಸರಿನಲ್ಲಿ ಬರಲ್ಲ, ಸರ್ವರೇ ಸರಿ ಇಲ್ಲ.”

ಇದು ಕಾರ್ಸ್ ಎಂಬ ಕಟ್ಟಳೆಯ ಕೆಲಸ. ಬೇರೆ ವಿಳಾಸದ ಸರ್ವರಿನಿಂದ ಬಂದ ಉತ್ತರವನ್ನು ಓದಲು, ಆ ಸರ್ವರ್ ಒಪ್ಪಿಗೆಯ ಹೆಡರ್ ಕೊಡದ ಹೊರತು, ಬ್ರೌಸರ್ ನಮ್ಮ ಕೋಡಿಗೆ ಬಿಡುವುದಿಲ್ಲ. ಪೋಸ್ಟ್‌ಮನ್ ಕೋರಿಕೆ ಕಳಿಸಿ ನೋಡುವ ಸಲಕರಣೆ, ಬ್ರೌಸರ್ ಅಲ್ಲ, ಅದಕ್ಕೆ ಆ ಕಟ್ಟಳೆ ಇಲ್ಲ. ‘ನೋ-ಕಾರ್ಸ್’ ಎಂದು ಬರೆದರೆ ಕೆಂಪು ಗೆರೆ ಮಾಯವಾಗುತ್ತದೆ ನಿಜ. ಜೊತೆಗೆ ಉತ್ತರವೂ ಮಾಯ. ಸ್ಟೇಟಸ್ 0, ಒಡಲು ಓದಲಾಗದು. ಒಪ್ಪಿಗೆ ಕೊಡಬೇಕಾದದ್ದು ಸರ್ವರ್ ಬದಿಯಲ್ಲೇ, ಇಲ್ಲಿಂದ ತಿದ್ದಲು ದಾರಿಯಿಲ್ಲ.

ತಪ್ಪು ಕಲ್ಪನೆ: “ಲ್ಯಾಬಿನಲ್ಲಿ ನಡೆದಿದೆ ಸಾರ್, ಹೊರಗೂ ನಡೆಯುತ್ತೆ.”

ಲ್ಯಾಬಿನಲ್ಲಿ ಸರ್ವರೂ ಬ್ರೌಸರೂ ಒಂದೇ ಕಂಪ್ಯೂಟರಿನಲ್ಲಿ ಇರುತ್ತವೆ. ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ, ಕ್ರಮ ತಪ್ಪುವ ಪ್ರಶ್ನೆಯೇ ಏಳುವುದಿಲ್ಲ. ಹೊರಗೆ ಹಾಗಲ್ಲ. ಪಾವಗಡದ ಸುತ್ತ ಬಹುಪಾಲು ಆಂಧ್ರ. ಗಡಿಯ ಹಳ್ಳಿಗಳಲ್ಲಿ, ಗುಡ್ಡದ ಮರೆಯಲ್ಲಿ ಮೊಬೈಲಿನ ಸಿಗ್ನಲ್ ಗೀಟು ಏರುತ್ತ ಇಳಿಯುತ್ತ ಇರುತ್ತದೆ. ಬ್ರೌಸರಿನ ‘ಆನ್‌ಲೈನ್’ ಗುಣವನ್ನು ನಂಬಿ ಕೂರುವ ಹಾಗೂ ಇಲ್ಲ. ಅದು ಇಲ್ಲ ಎಂದರೆ ಇಲ್ಲ, ಸರಿ. ಇದೆ ಎಂದರೆ ಫೋನು ಯಾವುದೋ ನೆಟ್‌ವರ್ಕಿಗೆ ಅಂಟಿಕೊಂಡಿದೆ ಎಂದಷ್ಟೆ, ಇಂಟರ್ನೆಟ್ ಇದೆ ಎಂದಲ್ಲ.

ಹಾಗಾಗಿ ಪುಟ ಒಪ್ಪಿಸುವ ಮೊದಲು ನಾನು ಮಾಡಿಸುವ ಕೆಲಸ ಇದು. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ ವೇಗವನ್ನು 3ಜಿಗೆ ಇಳಿಸಿ. ಒಂದು ನಂಬರ್ ಒತ್ತಿ, ಉತ್ತರ ಬರುವ ಮುನ್ನ ಇನ್ನೊಂದು ಒತ್ತಿ. ಚಕ್ರ ತಿರುಗುವಾಗಲೇ ಆಫ್‌ಲೈನ್ ಮಾಡಿ. ಸರ್ವರಿನ ಕೋಡಿನಲ್ಲಿ ಕೈಯಾರೆ 500 ಕಳಿಸಿ, ಆಮೇಲೆ ಜೇಸನ್ ಬದಲು ಎಚ್‌ಟಿಎಂಎಲ್ ಕಳಿಸಿ, ಆಮೇಲೆ ಏನೂ ಕಳಿಸದೆ ಸುಮ್ಮನಿರಿ. ಪ್ರತಿ ಸಲವೂ ಪರದೆಯ ಮೇಲೆ ಏನಿದೆ ಎಂದು ಪಕ್ಕದ ಬೆಂಚಿನವರಿಂದ ಗಟ್ಟಿಯಾಗಿ ಓದಿಸಿ. ಅವರ ಬಾಯಲ್ಲಿ ಒಂದು ಸಲವಾದರೂ ‘ಫೇಲ್’ ಎಂದು ಬಂದರೆ ಪುಟ ವಾಪಸು.